ಚುನಾವಣೆಗೆ ಓಡುವವರು, ನಿಲ್ಲುವವರು

ಅಮೆರಿಕದವರು ಚುನಾವಣೆಗೆ ‘ರನ್’ ಮಾಡುತ್ತಾರೆ, ಇಂಗ್ಲೆಂಡಿನವರು ‘ಸ್ಟ್ಯಾಂಡ್’ ಮಾಡುತ್ತಾರೆ. ನಾವೂ ನಿಲ್ಲುವವರೇ. ಓಡೋದೇನಿದ್ದರೂ ಗೆದ್ದ ಮೇಲೆ, ರೆಸಾರ್ಟಿಗೆ! ಆದರೂ ನಾಲ್ಕು ವರ್ಷಕ್ಕೊಮ್ಮೆ ನಮ್ಮ ಸುದ್ದಿಗಳಲ್ಲಿ ‘ಶ್ವೇತಭವನದತ್ತ ಓಟ’ ಶುರುವಾಗುತ್ತೆ.

ಈ ‘ರನ್’ ಸಾಮಾನ್ಯ ಆಸಾಮಿಯಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಪದದ್ದು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಬರೀ ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ! ಕ್ರಿಕೆಟ್ಟಿನಲ್ಲಂತೂ ಚೆಂಡು ಬೌಂಡರಿ ದಾಟಿದರೆ ಯಾರೂ ಓಡದೆಯೂ ನಾಲ್ಕು ರನ್.

ಹಾಗಂತ ಕನ್ನಡ ಬಡವಾಯಿತೇ? ಇಂಗ್ಲಿಷಿನವರ ಮೂಗು ‘ರನ್’ ಆದರೆ ನಮ್ಮದು ಸುರಿಯುತ್ತೆ. ಒಗೆದ ಬಟ್ಟೆ ಬಣ್ಣ ಬಿಡುತ್ತೆ, ನಲ್ಲೀಲಿ ನೀರು ಬರುತ್ತೆ, ಡಬ್ಬಿಯ ಸಕ್ಕರೆ ತೀರುತ್ತೆ. ಅಂಗಡಿ ನಡೆಸುತ್ತೇವೆ, ಸಂಸಾರ ತೂಗಿಸುತ್ತೇವೆ. ಒಂದೊಂದು ಕೆಲಸಕ್ಕೂ ಒಂದೊಂದು ಮಾತು. ಇಷ್ಟೆಲ್ಲ ಇಟ್ಟುಕೊಂಡು ಎಲ್ಲದಕ್ಕೂ ‘ಓಡು’ ಅಂಟಿಸೋದು ಅನುವಾದವಲ್ಲ, ಸೋಮಾರಿತನ.

ಹಾಗೆಂದು ‘ಓಡು’ ಕಂಡಲ್ಲೆಲ್ಲ ಹೊಡೆದುಹಾಕುವ ಮಡಿವಂತಿಕೆಯೂ ಬೇಡ. ನಮ್ಮಲ್ಲೂ ಸಿನಿಮಾ ನೂರು ದಿನ ಓಡುತ್ತೆ, ಪರೀಕ್ಷೆ ದಿನ ತಲೆ ಓಡಲ್ಲ. ಯಾವುದು ಸರಿ ಅನ್ನೋದನ್ನ ಕಿವಿ ಹೇಳಬೇಕು, ನಿಘಂಟಿನ ಮೊದಲ ಅರ್ಥವಲ್ಲ.

ಇದು ಬರೀ ಭಾಷಾಪ್ರೇಮಿಗಳ ತಕರಾರು ಅನ್ನಬೇಡಿ. ‘ಡ್ರೈ ರನ್’ ತಗೊಳ್ಳಿ. 2021ರ ಜನವರಿ 2ರಂದು ದೇಶದಾದ್ಯಂತ ಕೋವಿಡ್ ಲಸಿಕೆಯ ಡ್ರೈ ರನ್ ನಡೆಯಿತು. ಅದಕ್ಕೆ ಗರಡಿಮನೆಯಿಂದ ನಾಟಕದ ಮನೆಗೆ ಬಂದ ‘ತಾಲೀಮು’ ಚೆನ್ನಾಗಿ ಒಗ್ಗುತ್ತೆ. ಆದರೆ ಬೋರ್‌ವೆಲ್ ಪಂಪಿನ ಡ್ರೈ ರನ್ ತಾಲೀಮಲ್ಲ, ನೀರಿಲ್ಲದೆ ಮೋಟರ್ ಓಡೋದು. ಹಾಗೇ ಬಿಟ್ಟರೆ ಮೋಟರ್ ಸುಟ್ಟುಹೋಗುತ್ತೆ. ಅದರ ಕೈಪಿಡಿಯಲ್ಲಿ ‘ಶುಷ್ಕ ಓಟವನ್ನು ತಪ್ಪಿಸಿ’ ಅಂತ ಬರೆದರೆ ರೈತನಿಗೆ ಏನು ತಿಳೀಬೇಕು? ಅದನ್ನು ಬಿಡಿಸಿಕೊಳ್ಳಲು ಅವನು ಮೊದಲು ಇಂಗ್ಲಿಷ್ ಕಲಿತಿರಬೇಕು. ಇಂಗ್ಲಿಷ್ ಬಲ್ಲವರಿಗಷ್ಟೇ ಅರ್ಥವಾಗುವ ಕನ್ನಡ ಯಾರಿಗಾಗಿ, ಹೇಳಿ?

‘ನೀರಿಲ್ಲದಾಗ ಮೋಟರ್ ಓಡಿಸಬೇಡಿ’. ಮೂರೇ ಪದ, ‘ಓಡು’ ಕೂಡ ಒಳಗೇ ಇದೆ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದರೆ ಸಾಕಿತ್ತು.