ಅಜ್ಜಿಯ ಮನಸ್ಸು, ಮೊಮ್ಮಗಳ ಮನಸ್ಸು

ಐಸಾಕ್ ಅಸಿಮೋವರ ‘ಫೌಂಡೇಶನ್’ ಕಥೆಗಳ ಗಣಿತಜ್ಞ ಹರಿ ಸೆಲ್ಡನ್, ಸಾಮ್ರಾಜ್ಯ ಕುಸಿದ ಮೇಲೆ ಕವಿಯಲಿರುವ 30,000 ವರ್ಷಗಳ ಕತ್ತಲನ್ನು ಒಂದು ಸಾವಿರಕ್ಕೆ ಇಳಿಸಲು ಯೋಜನೆ ಹಾಕುತ್ತಾನೆ. ಆ ಯೋಜನೆಯನ್ನು ಮರೆಯಲ್ಲಿದ್ದು ಕಾಯುವವರು ಎರಡನೇ ಫೌಂಡೇಶನ್ನಿನವರು, ಮನುಷ್ಯರ ಮನಸ್ಸನ್ನೇ ತಿದ್ದಬಲ್ಲವರು. ಹಿಂದೆ ಓದಿದಾಗ ಮೈ ಜುಮ್ಮೆನ್ನಿಸಿದ್ದ ಈ ಕಾಣದ ಕೈ, ಮತ್ತೆ ಓದಿದಾಗ ನನಗೆ ಕಸಿವಿಸಿ ತಂದಿತು. ಅದಕ್ಕೆ ಕಾರಣ ಒಂದೇ ಮನೆತನದ ಇಬ್ಬರು ಹೆಣ್ಣುಮಕ್ಕಳು.

1945ರ ‘ದ ಮ್ಯೂಲ್’ ಕಥೆಯಲ್ಲಿ ಮ್ಯೂಲ್ ಎಂಬಾತ ಎದುರಾದವರ ಭಾವನೆಗಳನ್ನು ತಿರುಚಿ ಲೋಕಗಳನ್ನು ಗೆಲ್ಲುತ್ತ ಬರುತ್ತಾನೆ. ವಿದೂಷಕನ ವೇಷದಲ್ಲಿ ಬೈಟಾ ಎಂಬ ಯುವತಿಯ ಜೊತೆಗೇ ಪಯಣಿಸುವ ಅವನು ಅವಳ ಮನಸ್ಸನ್ನು ಮಾತ್ರ ಮುಟ್ಟುವುದಿಲ್ಲ. ತಿದ್ದದೆಯೇ ತನ್ನನ್ನು ಮೆಚ್ಚಿಕೊಂಡವಳು ಎಂಬ ಆಸೆ, ಪಾಪ. ಮುಟ್ಟದೆ ಉಳಿದ ಆ ಮನಸ್ಸೇ ಅವನ ಗುಟ್ಟನ್ನು ಹಿಡಿಯುತ್ತದೆ. ವಿದ್ವಾಂಸ ಎಬ್ಲಿಂಗ್ ಮಿಸ್ ಎರಡನೇ ಫೌಂಡೇಶನ್ ಎಲ್ಲಿದೆಯೆಂದು ಬಾಯಿಬಿಡುವ ಮೊದಲೇ ಬೈಟಾ ಆ ಗೆಳೆಯನನ್ನು ಕೊಲ್ಲುತ್ತಾಳೆ. ಯಾವ ಗಣಿತಕ್ಕೂ ಸಿಗದ ಹೆಣ್ಣೊಬ್ಬಳ ತೀರ್ಮಾನ ಇಲ್ಲಿ ಚರಿತ್ರೆಯ ದಿಕ್ಕು ಬದಲಿಸುತ್ತದೆ. ಸೆಲ್ಡನ್ ಯೋಜನೆ ಕೆಡಲೇಬೇಕೆಂದು ಪಟ್ಟು ಹಿಡಿದವರು ಸಂಪಾದಕ ಜಾನ್ ಕ್ಯಾಂಪ್‌ಬೆಲ್. ಅಸಿಮೋವರಿಗೆ ಅದು ಮೊದಲು ಇಷ್ಟವಿರಲಿಲ್ಲ. ಸಂಪಾದಕರ ಹಟವೂ ಒಮ್ಮೊಮ್ಮೆ ಒಳ್ಳೆಯದೇ.

ಮುಂದೊಂದು ಕಥೆಯಲ್ಲಿ ಬರುವ ಬೈಟಾಳ ಮೊಮ್ಮಗಳು ಅರ್ಕೇಡಿಗೆ 14 ವರ್ಷ. ಚುರುಕು ನಾಲಿಗೆ, ಕಾದಂಬರಿ ಬರೆಯುವ ಹಂಬಲ. ಅಸಿಮೋವರು ಸೃಷ್ಟಿಸಿದ ಪಾತ್ರಗಳಲ್ಲಿ ಇಷ್ಟು ಜೀವಂತವಾದವು ಕಡಿಮೆ. ಎರಡನೇ ಫೌಂಡೇಶನ್ನಿನ ನೆಲೆ ಎಲ್ಲಿ ಎಂಬ ಒಗಟಿಗೆ ಅವಳೇ ಉತ್ತರ ಹೊಳೆಯಿಸಿಕೊಳ್ಳುತ್ತಾಳೆ. ಮಗಳ ಮನಸ್ಸಿನಲ್ಲಿ ಯಾರಾದರೂ ಕೈಯಾಡಿಸಿರಬಹುದೇ ಎಂದು ಅನುಮಾನಿಸಿದ ತಂದೆ ಪರೀಕ್ಷೆ ಮಾಡುತ್ತಾನೆ. ಏನೂ ಸಿಗುವುದಿಲ್ಲ. ಸಿಗುವುದಾದರೂ ಹೇಗೆ? ಅವಳು ಹಸುಗೂಸಾಗಿದ್ದಾಗಲೇ ಎರಡನೇ ಫೌಂಡೇಶನ್ನಿನವರು ಆ ಕೆಲಸ ಮುಗಿಸಿದ್ದರು. ಉತ್ತರವೂ ಸುಳ್ಳು.

ಒಂದು ಮಗುವಿನ ಸ್ವಂತಿಕೆಯನ್ನೇ ಕದ್ದ ಸಂಗತಿಯಿದು. ನಾವು ಬೆಚ್ಚಿಬೀಳಬೇಕಾದ ಕಡೆ ಕಥೆ ಒಗಟು ಬಿಡಿಸಿದ ಖುಷಿಯಲ್ಲಿ ಬೀಗುತ್ತದೆ. ಆಕೆಗೆ ಸತ್ಯ ತಿಳಿಯುವುದೇ ಇಲ್ಲ, ಹಾಗಾಗಿ ಸಿಟ್ಟಾಗುವ ಅವಕಾಶವೂ ಇಲ್ಲ. 1980ರ ದಶಕದ ಮುಂದುವರಿಕೆಗಳಲ್ಲಂತೂ ಎರಡನೇ ಫೌಂಡೇಶನ್ನಿನ ಹಿಂದೆ ಗಾಯಾ ಎಂಬ ಗ್ರಹ, ಗಾಯಾದ ಹಿಂದೆ ರೋಬೋ ಡ್ಯಾನೀಲ್ ಎಂದು ಸೂತ್ರಧಾರರ ಸಾಲೇ ನಿಲ್ಲುತ್ತದೆ. ಪ್ರತಿ ಸೂತ್ರಧಾರನೊಡನೆ ಮನುಷ್ಯರು ಇನ್ನಷ್ಟು ತೊಗಲುಗೊಂಬೆಗಳಾಗುತ್ತಾರೆ. ಓದುಗನ ಕುತೂಹಲವೂ ಸೊರಗುತ್ತದೆ.

ಸರಣಿಯಲ್ಲಿ ಒಂದನ್ನೇ ಓದುವುದಾದರೆ 1952ರ ‘ಫೌಂಡೇಶನ್ ಅಂಡ್ ಎಂಪೈರ್’ ಓದಿ. ಬೈಟಾ ಇರುವುದು ಅದರಲ್ಲೇ.