ಬೇಡಿಯ ಕೈ, ಸಂಪಾದಕನ ಕಣ್ಣು

ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಆದರೂ 1974ರ ರೈಲ್ವೆ ಮುಷ್ಕರದ ಮಾತೆತ್ತಿದರೆ ಸಾಕು, ಇಲ್ಲಿನ ಹಳೇ ಲೋಹಿಯಾವಾದಿಗಳು ಅದನ್ನು ಮುನ್ನಡೆಸಿದ ಜಾರ್ಜ್ ಫರ್ನಾಂಡಿಸ್ ಅವರನ್ನು ಅಟ್ಟಕ್ಕೇರಿಸಿಬಿಡುತ್ತಾರೆ. ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು, ಮುಂಬಯಿ ಬಂದ್‌ಗಳು, ಇವೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅವರೊಳಗಿನ ಪತ್ರಕರ್ತನನ್ನು. 1949ರಲ್ಲಿ, ಮೀಸೆ ಚಿಗುರುವ ವಯಸ್ಸಿಗೇ, ಕೊಂಕಣಿ ಮಾಸಿಕವೊಂದರ ಜೊತೆಗೆ ಕನ್ನಡದ ‘ರೈತವಾಣಿ’ ವಾರಪತ್ರಿಕೆಗೂ ಅವರು ಸಂಪಾದಕರು. ಮುಂದೆ ‘ಪ್ರತಿಪಕ್ಷ್’. ರಾಜಕಾರಣಕ್ಕೆ ಬಂದ ಮೇಲೂ ಆ ಕುರ್ಚಿಯಿಂದ ಅವರು ಏಳಲೇ ಇಲ್ಲ ಎಂಬುದು ನನ್ನ ತಕರಾರು.

ತುರ್ತುಪರಿಸ್ಥಿತಿಯ ಆ ಪ್ರಸಿದ್ಧ ಫೋಟೊ ತೆಗೆದುಕೊಳ್ಳಿ. ಬರೋಡಾ ಡೈನಮೈಟ್ ಪ್ರಕರಣದ ಆರೋಪಿ. ಬೇಡಿ ತೊಡಿಸಿದ ಕೈ ಮೇಲಕ್ಕೆದ್ದಿದೆ, ಸರಪಳಿ ಜೋತಾಡುತ್ತಿದೆ. ಕೈ ಕೆಳಗಿದ್ದರೆ ಸರಪಳಿ ಪೊಲೀಸರದ್ದು, ನೋಡುವವನಿಗೆ ಕಾಣುವುದು ಬರೀ ಕೈದಿ. ಮೇಲೆತ್ತಿದೊಡನೆ ಅದೇ ಕಬ್ಬಿಣ ಜಾರ್ಜರದ್ದಾಗುತ್ತದೆ. ಮುಖಪುಟಕ್ಕೆ ಏನು ಬೇಕೆಂದು ಬಲ್ಲವನ ಕೈ ಅದು. ಧೈರ್ಯ ಇರಲಿಲ್ಲವೆಂದಲ್ಲ; ಧೈರ್ಯವನ್ನು ಅಚ್ಚಿಗೆ ಹೊಂದಿಸುವುದು ಬೇರೆಯದೇ ವಿದ್ಯೆ. 1977ರಲ್ಲಿ ಮುಜಫ್ಫರ್‌ಪುರಕ್ಕೆ ಹೋದದ್ದು ಆ ಚಿತ್ರ, ಅಭ್ಯರ್ಥಿ ಜೈಲಿನಲ್ಲೇ ಇದ್ದರು. ಗೆಲುವಿನ ಅಂತರ ಮೂರು ಲಕ್ಷಕ್ಕೂ ಮಿಕ್ಕಿ.

ಕೋಕಾ-ಕೋಲಾ ಓಡಿಸಿದ ಕೀರ್ತಿಯೂ ಇಂಥದೇ. ವಿದೇಶಿ ಕಂಪನಿಗಳ ಪಾಲು ತಗ್ಗಿಸುವ ಕಾನೂನು 1973ರದ್ದು, ಇಂದಿರಾ ಸರ್ಕಾರದ್ದು. ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿ ಜಾರ್ಜ್ ಅದನ್ನು ಮಣಿಯದೆ ಜಾರಿ ಮಾಡಿದರು, ಸರಿ. ಆದರೆ ತಲೆಬರಹ ಪೂರ್ತಿ ಅವರಿಗೇ ಸಿಕ್ಕಿತು.

ಅವರ ಪತನ ಬಿಜೆಪಿಯ ಸಖ್ಯದಿಂದ ಶುರುವಾಯಿತೆಂದು ನಮ್ಮ ವಿಮರ್ಶಕರು ಬರೆಯುತ್ತಾರೆ. ಅದು ಸೋಮಾರಿತನ. 1979ರ ಜುಲೈಯಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರವನ್ನು ಅಬ್ಬರದಿಂದ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಅದೇ ಸರ್ಕಾರವನ್ನು ತೊರೆದವರು ಇವರೇ ಅಲ್ಲವೆ? ಮಧು ಲಿಮಯೆಯವರ ಒತ್ತಾಯವಿತ್ತು ಎನ್ನುವ ಸಮಜಾಯಿಷಿ ನನಗೂ ಗೊತ್ತು. ಆದರೂ ವಾರಪತ್ರಿಕೆಯವನಿಗೆ ಕಳೆದ ವಾರದ ಸಂಪಾದಕೀಯದ ಹಂಗಿಲ್ಲ. ಹೊಸ ಸಂಚಿಕೆಗೆ ಹೊಸ ಕಿಚ್ಚು. ಮತ ಹಾಕಿದವನಿಗೆ ಹಳೇ ಸಂಚಿಕೆಯೂ ನೆನಪಿರುತ್ತದೆ.

ಇನ್ನು ಅವರನ್ನು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಸಾಲಿನಲ್ಲಿ ಕೂರಿಸುವವರಿದ್ದಾರೆ. ಇದನ್ನಂತೂ ನಾನು ಒಪ್ಪಲಾರೆ. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ಮಾತನ್ನೇ ಗೌಡರು ವಿಧಾನಸಭೆಯಲ್ಲೂ ಆಡಿದರು, ಕೇಳುವವರು ಇರಲಿ ಬಿಡಲಿ. ಜಾರ್ಜರಿಗೆ ಎದುರಿಗೊಂದು ಕ್ಯಾಮೆರಾ ಬೇಕಿತ್ತು.