ಗಾಲ್ಟನ್‌ರ ‘ಫಿಂಗರ್ ಪ್ರಿಂಟ್ಸ್’: ಲೆಕ್ಕ ಹೇಳಿದ್ದೆಷ್ಟು, ನಾವು ನಂಬಿದ್ದೆಷ್ಟು?

ಒಬ್ಬರ ಬೆರಳಚ್ಚು ಇನ್ನೊಬ್ಬರಿಗೆ ಇರುವುದಿಲ್ಲ ಎಂಬ ಮಾತನ್ನು ಪತ್ತೇದಾರಿ ಕಾದಂಬರಿಯಿಂದ ನ್ಯಾಯಾಲಯದವರೆಗೆ ಎಲ್ಲರೂ ಒಪ್ಪುತ್ತಾರೆ. ಈ ಮಾತಿಗೆ ಲೆಕ್ಕದ ಆಧಾರ ಒದಗಿಸಿದ ಪ್ರಸಿದ್ಧ ಗ್ರಂಥ ಫ್ರಾನ್ಸಿಸ್ ಗಾಲ್ಟನ್‌ರ ‘ಫಿಂಗರ್ ಪ್ರಿಂಟ್ಸ್’. 1892ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಪುಸ್ತಕವನ್ನು ಈಗ ಓದುವವರು ವಿರಳ. ಆದರೂ ಅದರಲ್ಲಿ ಸಾಧಿಸಿರುವುದೇನು, ಸಾಧಿಸದೆ ಉಳಿದಿರುವುದೇನು ಎಂದು ಬೇರ್ಪಡಿಸಿ ನೋಡುವುದು ಅಗತ್ಯ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ನಿರಪರಾಧಿಗಳು ಸೆರೆಮನೆ ಸೇರಿದ ಉದಾಹರಣೆ ಇದೆ.

ಮೊದಲು ಗ್ರಂಥದ ಹಿರಿಮೆ. ಬೆರಳ ತುದಿಯ ಉಬ್ಬುಗೆರೆಗಳು ಜೀವನಪೂರ್ತಿ ಬದಲಾಗುವುದಿಲ್ಲ ಎಂಬುದನ್ನು ಗಾಲ್ಟನ್ ಸಾಕ್ಷ್ಯಸಮೇತ ತೋರಿಸಿದರು. ಇದಕ್ಕೆ ನೆರವಾದದ್ದು ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್‌ರ ಸಂಗ್ರಹ. 1858ರಲ್ಲಿ ಗುತ್ತಿಗೆದಾರನೊಬ್ಬನ ಅಂಗೈ ಅಚ್ಚನ್ನು ಕರಾರುಪತ್ರದ ಮೇಲೆ ಪಡೆದಿದ್ದ ಹರ್ಷೆಲ್, 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರ ಗುರುತಿಗೂ ಬೆರಳಚ್ಚನ್ನು ಬಳಸಿದರು. ಹಲವು ವರ್ಷಗಳ ಅಂತರದಲ್ಲಿ ಪಡೆದ ಅಚ್ಚುಗಳಲ್ಲಿ ಗೆರೆ ಕವಲೊಡೆಯುವ, ಕೊನೆಗೊಳ್ಳುವ ಸುಮಾರು 700 ಬಿಂದುಗಳನ್ನು ಗಾಲ್ಟನ್ ಹೋಲಿಸಿದರು. ವ್ಯತ್ಯಾಸ ಕಂಡದ್ದು ಒಂದೇ ಒಂದು ಕಡೆ. ಅದನ್ನೂ ಅವರು ಮುಚ್ಚಿಡಲಿಲ್ಲ. ಜನಾಂಗಗಳನ್ನು ಬೆರಳಚ್ಚಿನಿಂದ ಗುರುತಿಸಬಹುದೆಂಬ ಆಸೆ ಅವರಿಗಿತ್ತು. ಅದು ಹುಸಿಯಾದುದನ್ನೂ ಅವರೇ ಬರೆದಿದ್ದಾರೆ. ‘ಯೂಜೆನಿಕ್ಸ್’ ಎಂಬ ಪದವನ್ನು ಟಂಕಿಸಿದವರ ಲೇಖನಿಯಿಂದ ಬಂದ ಈ ಒಪ್ಪಿಗೆ ಗಮನಾರ್ಹ.

ಇನ್ನು ಅವರ ಲೆಕ್ಕಕ್ಕೆ ಬರೋಣ. ದೊಡ್ಡದಾಗಿ ಮೂಡಿಸಿದ ಅಚ್ಚಿನ ಮೇಲೆ ಗಾಲ್ಟನ್ ಚೌಕಾಕಾರದ ಕಾಗದದ ಚೂರು ಇಟ್ಟು, ಅದರ ಅಡಿಯಲ್ಲಿ ಗೆರೆಗಳು ಹೇಗೆ ಸಾಗಿರಬಹುದೆಂದು ಸುತ್ತಲಿನ ಗೆರೆಗಳನ್ನು ನೋಡಿ ಊಹಿಸಿದರು. ಸುಮಾರು ಅರ್ಧದಷ್ಟು ಸಲ ಊಹೆ ಸರಿಯಾಯಿತು. ಒಂದು ಅಚ್ಚಿನಲ್ಲಿ ಇಂಥ 24 ಚೌಕಗಳೆಂದು ಎಣಿಸಿ ½ನ್ನು 24 ಬಾರಿ ಗುಣಿಸಿದರು. ಗೆರೆಗಳ ಒಟ್ಟು ವಿನ್ಯಾಸಕ್ಕೆ 1/16, ಚೌಕಗಳನ್ನು ಹೊಕ್ಕು ಹೊರಡುವ ಗೆರೆಗಳ ಸಂಖ್ಯೆಗೆ 1/256 ಎಂದು ಸೇರಿಸಿದರು. ಹೀಗೆ ಎರಡು ಅಚ್ಚುಗಳು ಒಂದೇ ಆಗುವ ಸಂಭವ ಸುಮಾರು 6,400 ಕೋಟಿಯಲ್ಲಿ ಒಂದು ಎಂದು ಹೇಳಿದರು.

ಇಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ‘ಅರ್ಧ’ ಎಂಬುದು ನಿಸರ್ಗದಲ್ಲಿ ಅಳೆದ ಪ್ರಮಾಣವಲ್ಲ, ಗಾಲ್ಟನ್‌ರ ಊಹಾಶಕ್ತಿಯ ಪ್ರಮಾಣ. ಉಳಿದೆರಡು ಭಿನ್ನರಾಶಿಗಳೂ ಅಂದಾಜುಗಳೇ. ಎರಡನೆಯದು ಇನ್ನೂ ಮುಖ್ಯ. ಈ ಲೆಕ್ಕ ಶುಭ್ರವಾದ ಪೂರ್ಣ ಅಚ್ಚಿಗೆ ಸಂಬಂಧಿಸಿದ್ದು. ಅಪರಾಧದ ಸ್ಥಳದಲ್ಲಿ ಸಿಗುವುದು ಬಹುತೇಕ ತುಂಡಾದ, ಕದಡಿದ ಗುರುತು. ಬೆರಳು ಅನನ್ಯವಾಗಿರಬಹುದು, ಆದರೆ ಆ ಗುರುತು ಯಾವ ಬೆರಳಿನದೆಂದು ತಜ್ಞರು ತಪ್ಪಿಲ್ಲದೆ ಹೇಳಬಲ್ಲರೇ ಎಂಬುದು ಬೇರೆಯೇ ಪ್ರಶ್ನೆ.

2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬುಗಳು ಸಿಡಿದವು. ಡಿಟೊನೇಟರ್‌ಗಳಿದ್ದ ಚೀಲವೊಂದರ ಮೇಲೆ ಸಿಕ್ಕ ಅಚ್ಚು ಒರೆಗಾನ್ ರಾಜ್ಯದ ವಕೀಲರೊಬ್ಬರದೆಂದು ಅಮೆರಿಕದ ಎಫ್‌ಬಿಐ ತಜ್ಞರು ಖಚಿತವಾಗಿ ಹೇಳಿದರು. ನ್ಯಾಯಾಲಯ ನೇಮಿಸಿದ ಸ್ವತಂತ್ರ ತಜ್ಞರೂ ಹೌದೆಂದರು. ಆ ವಕೀಲರು ಸುಮಾರು ಎರಡು ವಾರ ಬಂಧನದಲ್ಲಿದ್ದರು. ಬಳಿಕ ಸ್ಪೇನಿನ ಪೊಲೀಸರು ಅಚ್ಚು ಅಲ್ಜೀರಿಯಾದ ವ್ಯಕ್ತಿಯೊಬ್ಬನದೆಂದು ಪತ್ತೆಹಚ್ಚಿದರು. ಎಫ್‌ಬಿಐ ಕ್ಷಮೆ ಕೇಳಿತು. ಕೋಟ್ಯಂತರ ಅಚ್ಚುಗಳಿರುವ ಭಂಡಾರದಲ್ಲಿ ಕಂಪ್ಯೂಟರ್ ಹುಡುಕಿದಾಗ ‘ತೀರಾ ಹೋಲುವ, ಆದರೆ ಬೇರೆಯ’ ಅಚ್ಚು ಸಿಗುವ ಸಂಭವವೂ ಹೆಚ್ಚುತ್ತದೆ. ಗಾಲ್ಟನ್ ಗ್ರಂಥದಲ್ಲಿ ಈ ಅಪಾಯಕ್ಕೆ ಉತ್ತರವಿಲ್ಲ. 2016ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ, ಪರೀಕ್ಷಾ ಅಧ್ಯಯನಗಳ ಆಧಾರದ ಮೇಲೆ, ತಪ್ಪು ಹೊಂದಿಕೆಯ ದರ ಒಂದು ಅಧ್ಯಯನದ ಪ್ರಕಾರ 306ಕ್ಕೆ 1ರಷ್ಟು, ಇನ್ನೊಂದರ ಪ್ರಕಾರ 18ಕ್ಕೆ 1ರಷ್ಟು ಹೆಚ್ಚಿರಬಹುದೆಂದು ತಿಳಿಸಿತು. 6,400 ಕೋಟಿಗೂ 306ಕ್ಕೂ ಇರುವ ಅಂತರವೇ ಇಲ್ಲಿನ ಸಮಸ್ಯೆ.

1984ರಲ್ಲಿ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಕಂಡುಹಿಡಿದ ಡಿಎನ್‌ಎ ಬೆರಳಚ್ಚು ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದೆ. ಇಂದು ಬಳಸುವ ಡಿಎನ್‌ಎ ಗುರುತುಗಳು ಜನಸಮುದಾಯದಲ್ಲಿ ಎಷ್ಟು ಸಾಮಾನ್ಯ ಎಂಬುದನ್ನು ಅಳೆದೇ ಗುಣಾಕಾರ ಮಾಡುತ್ತಾರೆ. ಆದರೆ ಇಲ್ಲಿಯೂ ಸಂಖ್ಯೆ ಮಾತನಾಡುವುದು ಕೊಳವೆಯಲ್ಲಿರುವ ಮಾದರಿಯ ಬಗ್ಗೆ ಮಾತ್ರ. ಅದು ಅಲ್ಲಿಗೆ ಹೇಗೆ ಬಂತೆಂದು ಹೇಳದು. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಪ್ರಕರಣಗಳಲ್ಲಿ ಒಬ್ಬಳೇ ಮಹಿಳೆಯ ಡಿಎನ್‌ಎ ದೊರೆತು, ಪೊಲೀಸರು ವರ್ಷಗಟ್ಟಲೆ ಹುಡುಕಿದರು. ಅದು ಮಾದರಿ ಸಂಗ್ರಹದ ಹತ್ತಿಕಡ್ಡಿಗಳ ತಯಾರಿಕೆಯಲ್ಲಿ ದುಡಿಯುತ್ತಿದ್ದ ಕಾರ್ಮಿಕಳದೆಂದು 2009ರಲ್ಲಿ ತಿಳಿಯಿತು!

ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಗುರುತಿಸಿದೆ. ಡಿಎನ್‌ಎ ವರದಿ ತಜ್ಞರ ಅಭಿಪ್ರಾಯ, ಅದರ ತೂಕ ಪ್ರಕರಣದಿಂದ ಪ್ರಕರಣಕ್ಕೆ ಬದಲಾಗುತ್ತದೆ ಎಂದು 2019ರಲ್ಲಿ ಹೇಳಿತು. 2022ರಲ್ಲಿ ದೆಹಲಿಯ ಕೊಲೆ ಪ್ರಕರಣವೊಂದರಲ್ಲಿ, ಮಾದರಿಗಳು ಪ್ರಯೋಗಾಲಯಕ್ಕೆ ಹೋಗುವ ಮುನ್ನ ಠಾಣೆಯ ಮಾಲ್‌ಖಾನೆಯಲ್ಲಿ ಉಳಿದಿದ್ದುದನ್ನು ಪ್ರಶ್ನಿಸಿತು, ಆರೋಪಿಗಳು ಬಿಡುಗಡೆಯಾದರು. ಸಾಕ್ಷ್ಯ ಕಾಯುವಲ್ಲಿನ ಸಡಿಲತೆಗೆ ಬೆಲೆ ತೆರುವವರು ಆರೋಪಿಗಳಷ್ಟೇ ಅಲ್ಲ, ನ್ಯಾಯಕ್ಕಾಗಿ ಕಾದ ಕುಟುಂಬಗಳೂ ಹೌದು.

ಗಾಲ್ಟನ್ ತಮ್ಮ ಕಾಲಕ್ಕೆ ಒಳ್ಳೆಯ ಕೆಲಸವನ್ನೇ ಮಾಡಿದರು. ತಮ್ಮ 700 ಬಿಂದುಗಳಲ್ಲಿ ಹೊಂದದ ಒಂದನ್ನು ಅವರು ದಾಖಲಿಸಿದ್ದರು. ನಂತರದವರು ಅವರ ದೊಡ್ಡ ಸಂಖ್ಯೆಯನ್ನು ಉಳಿಸಿಕೊಂಡು ಆ ಅಭ್ಯಾಸವನ್ನು ಕೈಬಿಟ್ಟರು. ವಿಧಿವಿಜ್ಞಾನ ವರದಿಯಲ್ಲಿ ‘ಹೊಂದಿಕೆಯಾಗಿದೆ’ ಎಂಬ ಒಂದು ಪದ ಸಾಲದು. ಯಾವ ಬಿಂದುಗಳು ಹೊಂದಿವೆ, ಯಾವುವು ಹೊಂದಿಲ್ಲ, ಈ ವಿಧಾನದ ತಪ್ಪಿನ ದರ ಎಷ್ಟು, ಮಾದರಿ ಯಾರ ವಶದಲ್ಲಿತ್ತು ಎಂಬ ವಿವರಗಳೂ ಅಲ್ಲಿರಬೇಕು.